ವೈಸಿ-14 ಮಾಡೆಲ್: ಲಿಫ್ಟ್ ಸಿಗುತ್ತೆ, ಆದರೆ ಅದು ಥ್ರಾಟಲ್ ಕಡ್ಡಿಯಲ್ಲಿರುತ್ತೆ

ನೀವು ಕೇಳಿದ್ದು ಎರಡು ವಿಷಯ. ರೆಕ್ಕೆ ಮೇಲೆ ಎಂಜಿನ್ ಇರುವ ಬೋಯಿಂಗ್‌ನ ಪ್ರಾಯೋಗಿಕ ಸರಕು ವಿಮಾನ ವೈಸಿ-14 ಅನ್ನು 1:30 ಅಳತೆಯಲ್ಲಿ, ಫೋಮ್‌ನಲ್ಲಿ, ಎರಡು ಇಡಿಎಫ್ (ಕೊಳವೆಯೊಳಗೆ ತಿರುಗುವ ವಿದ್ಯುತ್ ಫ್ಯಾನ್) ಹಾಕಿ ರೇಡಿಯೋ ಮಾಡೆಲ್ ಮಾಡಿದರೆ ರೆಕ್ಕೆ ಮೇಲೆ ಊದುವ ಗಾಳಿಯಿಂದ ನಿಜಕ್ಕೂ ಲಿಫ್ಟ್ (ಎತ್ತುವ ಬಲ) ಬರುತ್ತಾ? ಇಷ್ಟು ಚೆನ್ನಾಗಿದ್ದ ವಿಮಾನವನ್ನು ಅಮೆರಿಕದ ವಾಯುಪಡೆ ಯಾಕೆ ತಗೊಳ್ಳಲಿಲ್ಲ? ಇದೇ ಚರ್ಚೆಯಲ್ಲಿ ಒಬ್ಬರು "ಟೆಸ್ಟ್‌ನಲ್ಲಿ ಫೇಲ್ ಆಯ್ತು" ಅಂತ ಬರೆದಿದ್ದಾರೆ. ಅದು ಸರಿಯಲ್ಲ, ಹಾಗಾಗಿ ಎರಡನೇ ಪ್ರಶ್ನೆಯನ್ನೇ ಮೊದಲು ಮುಗಿಸ್ತೀನಿ.

ಸಿ-130 ಹರ್ಕ್ಯುಲಿಸ್ ಜಾಗಕ್ಕೆ ಒಂದು ಜೆಟ್ ಬೇಕು ಅಂತ ವಾಯುಪಡೆ 1972ರಲ್ಲಿ ಎಎಂಎಸ್‌ಟಿ (ಚಿಕ್ಕ ರನ್‌ವೇಯಿಂದ ಹಾರುವ ಮಧ್ಯಮ ಗಾತ್ರದ ಸರಕು ವಿಮಾನ) ಯೋಜನೆ ಶುರು ಮಾಡಿತು. ಷರತ್ತು ಕಠಿಣವಾಗಿತ್ತು: 610 ಮೀಟರ್‌ನ ಅರೆಬರೆ ರನ್‌ವೇಯಿಂದ ಸುಮಾರು 12 ಟನ್ ಹೊತ್ತು, 740 ಕಿಲೋಮೀಟರ್ ದೂರ ಹೋಗಿ ವಾಪಸ್ ಬರಬೇಕು. ಬೋಯಿಂಗ್‌ಗೆ ಎರಡು, ಮೆಕ್‌ಡೊನೆಲ್ ಡಗ್ಲಸ್‌ಗೆ ಎರಡು ಪ್ರೋಟೋಟೈಪ್ ಮಾಡೋಕೆ ಹೇಳಿದರು. ಡಗ್ಲಸ್‌ನ ವೈಸಿ-15 ಆಗಸ್ಟ್ 1975ರಲ್ಲಿ ಹಾರಿತು, ವೈಸಿ-14 ಅದರ ಮುಂದಿನ ಆಗಸ್ಟ್‌ನಲ್ಲಿ. ವೈಸಿ-14 ಟೆಸ್ಟ್‌ನಲ್ಲಿ 59 ನಾಟ್‌ವರೆಗೆ, ಅಂದರೆ ಗಂಟೆಗೆ ಸುಮಾರು 110 ಕಿಲೋಮೀಟರ್‌ಗೆ ನಿಧಾನವಾಗಿ ಹಾರಿದೆ. ಎಂ60 ಟ್ಯಾಂಕ್ ಕೂಡ ಹೊತ್ತಿದೆ. ಕ್ರೂಸ್‌ನಲ್ಲಿ ಡ್ರ್ಯಾಗ್ (ಗಾಳಿಯ ತಡೆ) ಲೆಕ್ಕಕ್ಕಿಂತ ಜಾಸ್ತಿ ಬಂದಿದ್ದು ನಿಜ, ಆದರೆ ವಾಯುಪಡೆ ವಿಮಾನವನ್ನು ಕೈಬಿಟ್ಟಿದ್ದು ಅದರಿಂದಲ್ಲ. ಎರಡು ಕಂಪನಿಯವೂ ಪಾಸಾದವು, ಪರೀಕ್ಷೆಯೇ ರದ್ದಾಯಿತು. ಅಷ್ಟರಲ್ಲಿ ವಾಯುಪಡೆಯ ತಲೆಯಲ್ಲಿ ಚಿಕ್ಕ ರನ್‌ವೇ ಹಿಂದೆ ಸರಿದು, ಟ್ಯಾಂಕ್‌ನಂಥ ದಪ್ಪ ಸರಕನ್ನು ಸಾಗರದಾಚೆ ಒಯ್ಯೋದು ಮುಂದೆ ಬಂದಿತ್ತು. ಆ ಕೆಲಸಕ್ಕೆ ಇವೆರಡೂ ಚಿಕ್ಕವು. 1979ರ ಕೊನೆಗೆ ಯೋಜನೆ ಮುಚ್ಚಿತು. ಆಮೇಲೆ ಬಂದ ಸಿ-17 ಡಗ್ಲಸ್‌ನದೇ. ಅದರ ರೆಕ್ಕೆ ಕೆಳಗಿನ ನಾಲ್ಕು ಎಂಜಿನ್, ಎಕ್ಸಾಸ್ಟ್ ನೇರ ಫ್ಲಾಪ್‌ಗೆ (ರೆಕ್ಕೆಯ ಹಿಂಬದಿಯಲ್ಲಿ ಕೆಳಗೆ ಇಳಿಯುವ ಹಲಗೆ) ಬಡಿಯೋ ವಿಧಾನ, ಎರಡೂ ವೈಸಿ-15ರಿಂದ ಬಂದಿದ್ದು. ರೆಕ್ಕೆ ಮೇಲೆ ಎಂಜಿನ್ ಇಡುವ ಬೋಯಿಂಗ್‌ನ ವಿಧಾನ ಅಮೆರಿಕದ ಸರಕು ವಿಮಾನದಲ್ಲಿ ಮುಂದುವರಿಯಲಿಲ್ಲ.

ಈಗ ನಿಮ್ಮ ಮಾಡೆಲ್‌ಗೆ ಬರೋಣ. ಲಿಫ್ಟ್ ಬರುತ್ತೆ. ಊದಿದ ಗಾಳಿ ಬಾಗಿದ ಮೇಲ್ಮೈಗೆ ಅಂಟಿಕೊಂಡು ಫ್ಲಾಪ್ ಜೊತೆ ಕೆಳಗೆ ತಿರುಗೋದು, ಅಂದರೆ ಕೊಆಂಡಾ ಪರಿಣಾಮ, ಫೋಮ್ ಮೇಲೂ ನಡೆಯುತ್ತೆ. ಇಡಿಎಫ್ ಗಾಳಿ ಬಿಸಿ ಇರಲ್ಲ, ಫೋಮ್ ಕರಗೋ ಚಿಂತೆಯೂ ಇಲ್ಲ. ಆದರೆ ನೀವು ಹೇಳಿದ 1:30 ಬೇಡ, 1:24 ಮಾಡಿ. ನಿಜವಾದ ರೆಕ್ಕೆ 39.3 ಮೀಟರ್, ಅದು 1:24ರಲ್ಲಿ 1.64 ಮೀಟರ್ ಆಗುತ್ತೆ, ವಿಸ್ತೀರ್ಣ ಸುಮಾರು 28 ಚದರ ಡೆಸಿಮೀಟರ್. ಅದರ ಸಿಎಫ್6 ಎಂಜಿನ್ನಿನ ಫ್ಯಾನ್ ವ್ಯಾಸ ಈ ಅಳತೆಗೆ 91 ಮಿಲಿಮೀಟರ್ ಬರೋದರಿಂದ 70 ಮಿಲಿಮೀಟರ್ ಇಡಿಎಫ್ ನೆಸೆಲ್ (ಎಂಜಿನ್ನಿನ ಹೊರಕವಚ) ಒಳಗೆ ಆರಾಮಾಗಿ ಕೂರುತ್ತೆ. 1:30ರಲ್ಲಿ ಅದೇ ಫ್ಯಾನ್ ಹಾಕಿದರೆ ನೆಸೆಲ್ ಊದಿಕೊಂಡು ರೂಪ ಕೆಡುತ್ತೆ.

ತೂಕ ಎಲ್ಲಾ ಸೇರಿ 2.5 ಕಿಲೋ ಒಳಗಿರಲಿ. ನನ್ನ ಅಂದಾಜು ಲೆಕ್ಕದಲ್ಲಿ, ಊದು ಗಾಳಿ ಇಲ್ಲದೆ ಬರೀ ಫ್ಲಾಪ್ ಇಳಿಸಿದರೆ ಈ ಮಾಡೆಲ್ ಗಂಟೆಗೆ 34 ಕಿಲೋಮೀಟರ್ ಹತ್ತಿರ ಸ್ಟಾಲ್ ಆಗುತ್ತೆ, ಅಂದರೆ ಲಿಫ್ಟ್ ಸಾಲದೆ ಕುಸಿಯುತ್ತೆ. ಗಾಳಿ ಚೆನ್ನಾಗಿ ಅಂಟಿದರೆ 25ರವರೆಗೆ ತಡೆಯಬಹುದು. ಈ ಎರಡು ಅಂಕಿ ನಡುವೆ ನೀವು ಹಾರಿಸ್ತಾ ಇರುವಾಗ ವಿಮಾನ ಎತ್ತಿ ಹಿಡಿದಿರೋದು ಫ್ಯಾನ್, ಬರೀ ರೆಕ್ಕೆ ಅಲ್ಲ. ಅಲ್ಲಿ ಅಭ್ಯಾಸಬಲದಿಂದ ಥ್ರಾಟಲ್ (ಫ್ಯಾನ್ ವೇಗದ ಕಡ್ಡಿ) ಕೆಳಗೆ ಎಳೆದರೆ ಸ್ಟಾಲ್ ಮುನ್ಸೂಚನೆ ಏನೂ ಬರಲ್ಲ, ನೇರ ನೆಲಕ್ಕೆ. ನಿಜವಾದ ವಿಮಾನಕ್ಕೆ ಮೂರು ಪಟ್ಟು ಡಿಜಿಟಲ್ ಕಂಟ್ರೋಲ್ ಕೊಟ್ಟಿದ್ದರು. ನಮಗೆ ಇರೋದು ಹೆಬ್ಬೆರಳು ಮಾತ್ರ.

ಎಲ್ಲಕ್ಕಿಂತ ಜಾಸ್ತಿ ಟೈಮ್ ಹಾಕಬೇಕಾದ್ದು ನಾಝಲ್‌ಗೆ, ಅಂದರೆ ಫ್ಯಾನ್ ಗಾಳಿ ಹೊರಬರುವ ಬಾಯಿಗೆ. ದುಂಡಗೆ ಬಿಟ್ಟರೆ ಗಾಳಿ ಹಗ್ಗದ ಹಾಗೆ ಹಿಂದಕ್ಕೆ ಓಡುತ್ತೆ, ಫ್ಲಾಪ್ ಕಡೆ ತಿರುಗಲ್ಲ. ಅದನ್ನು ಚಪ್ಪಟೆ ಮಾಡಿ ತೆಳುವಾಗಿ ಹರಡಬೇಕು. 70 ಮಿಲಿಮೀಟರ್ ಫ್ಯಾನಿಗೆ ಬಾಯಿ 110 ಮಿಲಿಮೀಟರ್ ಅಗಲ, 25 ಎತ್ತರ ಇಟ್ಟರೆ ವಿಸ್ತೀರ್ಣ ಫ್ಯಾನ್ ಬೀಸುವ ಜಾಗದ ಶೇಕಡಾ 85-90 ಸಿಗುತ್ತೆ, ಥ್ರಸ್ಟ್ (ಮುಂದೆ ತಳ್ಳುವ ಬಲ) ಹೆಚ್ಚು ಕಳೆಯಲ್ಲ. ನಾಝಲ್‌ನ ಮೇಲ್ಛಾವಣಿ ಸ್ವಲ್ಪ ಕೆಳಮುಖವಾಗಿರಲಿ, ಗಾಳಿ ರೆಕ್ಕೆಗೆ ಒತ್ತಬೇಕು. ಅದರ ಹಿಂದಿನ ಫ್ಲಾಪ್‌ನಲ್ಲಿ ಸಂದು ಬೇಡ. ಕೆಳಗಡೆ ಹಿಂಜ್ ಕೊಟ್ಟು, ಮೇಲೆ ಬಾಗೋ ತೆಳು ಪ್ಲಾಸ್ಟಿಕ್ ಹಾಳೆ ಹೊದಿಸಿ, ಬಾಗುವ ತ್ರಿಜ್ಯ 100 ಮಿಲಿಮೀಟರ್ ಹತ್ತಿರ ಇಡಿ. ತ್ರಿಜ್ಯ ಗಾಳಿಪದರದ ದಪ್ಪದ ಮೂರು-ನಾಲ್ಕು ಪಟ್ಟಾದರೂ ಇಲ್ಲದಿದ್ದರೆ ಗಾಳಿ ಕಿತ್ತುಕೊಂಡು ಹೋಗುತ್ತೆ. ಹೊರಗಿನ ಫ್ಲಾಪ್ ಮಾಮೂಲಿಯಾಗಿರಲಿ, ಅದಕ್ಕೆ ಬೇರೆ ಸರ್ವೋ (ಫ್ಲಾಪ್ ತಿರುಗಿಸೋ ಪುಟ್ಟ ಮೋಟಾರ್).

ಹಾರಿಸೋ ಮುಂಚೆ ಬೆಂಚ್ ಮೇಲೆ ಕಟ್ಟಿ ನೋಡಿ. ಫ್ಲಾಪ್ ಮೇಲೆ ಸಾಲಾಗಿ ಐದು ಸೆಂಟಿಮೀಟರ್ ನೂಲಿನ ತುಂಡು ಅಂಟಿಸಿ, ಫ್ಲಾಪ್ 20 ಡಿಗ್ರಿ ಇಳಿಸಿ ಫ್ಯಾನ್ ಅರ್ಧಕ್ಕೆ ಓಡಿಸಿ. ನೂಲು ಕೊನೆ ಅಂಚಿನವರೆಗೂ ಮೈಗೆ ಅಂಟಿಕೊಂಡು ಮಲಗಿರಬೇಕು. ಆಮೇಲೆ ಐದೈದು ಡಿಗ್ರಿ ಜಾಸ್ತಿ ಮಾಡ್ತಾ ಹೋಗಿ. ನೂಲು ಎದ್ದು ಕುಣಿಯೋ ಕೋನ ಸಿಕ್ಕರೆ, ಅದಕ್ಕಿಂತ ಐದು ಡಿಗ್ರಿ ಕಡಿಮೆಯೇ ನಿಮ್ಮ ಮಿತಿ. ಇನ್ನೂ ಬೇಕು ಅಂದರೆ ನಾಝಲ್ ಹಿಂದೆ ನಾಲ್ಕು ಚಿಕ್ಕ ವೋರ್ಟೆಕ್ಸ್ ಜನರೇಟರ್ (ಗಾಳಿಯಲ್ಲಿ ಸುಳಿ ಎಬ್ಬಿಸಿ ಅದು ಅಂಟಿಕೊಳ್ಳೋಕೆ ನೆರವಾಗೋ ಪುಟ್ಟ ಹಲಗೆ) ನಿಲ್ಲಿಸಿ ನೋಡಿ, ಬೋಯಿಂಗ್‌ನವರೂ ಅದನ್ನೇ ಮಾಡಿದ್ದರು. ಅವರದ್ದು ಕ್ರೂಸ್‌ನಲ್ಲಿ ಮಡಚಿಕೊಳ್ತಿತ್ತು, ನಿಮಗೆ ಅಷ್ಟು ತಲೆನೋವು ಬೇಡ.

ರೇಡಿಯೋದಲ್ಲಿ ಫ್ಲಾಪ್ ಇಳಿಯೋಕೆ ಮೂರು ಸೆಕೆಂಡ್ ಕೊಡಿ. ಫ್ಲಾಪ್ ಇಳಿದರೆ ಮೂಗು ಕೆಳಗೆ ಹೋಗುತ್ತೆ, ಫ್ಯಾನ್ ಮೇಲಿರೋದರಿಂದ ಥ್ರಾಟಲ್ ಕೊಟ್ಟಾಗಲೂ ಹಾಗೇ. ಎರಡಕ್ಕೂ ಎಲಿವೇಟರ್ ಮಿಕ್ಸ್, ಅಂದರೆ ಮೂಗು ಎತ್ತಿಳಿಸೋ ಬಾಲದ ಹಲಗೆಯನ್ನು ರೇಡಿಯೋ ತಾನಾಗೇ ಸರಿಮಾಡೋ ಹೊಂದಾಣಿಕೆ, ಬೇಕಾಗುತ್ತೆ, ಎಷ್ಟು ಅಂತ ಎತ್ತರದಲ್ಲೇ ನೋಡಿಕೊಳ್ಳಿ. ಲ್ಯಾಂಡಿಂಗ್‌ಗೆ ಥ್ರಾಟಲ್ ಅರ್ಧದ ಆಸುಪಾಸು ಇಟ್ಟು ಎತ್ತರವನ್ನು ಥ್ರಾಟಲ್‌ನಿಂದ, ವೇಗವನ್ನು ಎಲಿವೇಟರ್‌ನಿಂದ ಹಿಡಿಯಿರಿ. ಚಕ್ರ ನೆಲ ಮುಟ್ಟೋವರೆಗೂ ಮುಚ್ಚಬೇಡಿ.

ಒಂದು ಫ್ಯಾನ್ ನಿಂತರೆ? ವೈಸಿ-14ರಲ್ಲಿ ಎಂಜಿನ್ ಅಷ್ಟು ಒಳಗೆ, ಮೈಗೆ ತಗುಲಿಕೊಂಡ ಹಾಗೆ ಇರೋದಕ್ಕೆ ಆ ಭಯವೂ ಒಂದು ಕಾರಣ. ಹಾಗಾಗಿ ನೆಸೆಲ್ ಹೊರಗೆ ತಳ್ಳೋ ಆಸೆ ಬಿಡಿ. ಎತ್ತರದಲ್ಲಿದ್ದರೆ ಇನ್ನೊಂದು ಫ್ಯಾನಿನ ವೇಗವನ್ನೂ ಇಳಿಸಿ, ಮೂಗು ಕೆಳಗೆ ಮಾಡಿ, ವೇಗ ಬಂದ ಮೇಲೆ ಫ್ಲಾಪ್ ಎತ್ತಿ. ಎರಡೂ ಇಎಸ್‌ಸಿಗೆ (ಫ್ಯಾನ್ ಮೋಟಾರಿನ ವೇಗ ನಿಯಂತ್ರಕ) ಒಂದೇ ಬ್ಯಾಟರಿ ಕೊಡಿ, ಒಂದು ಬೇಗ ಸುಸ್ತಾಗೋ ಪ್ರಶ್ನೆ ಇರಲ್ಲ. ಟಿ-ಬಾಲ ಹಿಂದೆ ಭಾರ, ಬ್ಯಾಟರಿ ಕಾಕ್‌ಪಿಟ್‌ವರೆಗೂ ಮುಂದೆ ಸರಿಯುವ ಹಾಗೆ ಜಾಗ ಬಿಡಿ.

ನಾಝಲ್ ಮತ್ತು ಫ್ಲಾಪ್‌ನ ಅಡ್ಡಕೊಯ್ತದ ಡ್ರಾಯಿಂಗ್ ಮೊದಲು ಇಲ್ಲಿ ಹಾಕಿ. ಫ್ಯಾನ್ ಆಮೇಲೆ ತರಿಸಿದರಾಯ್ತು.