ಮುರುಗಲು ಸಿರಪ್‌ಗೆ ಸಕ್ಕರೆ ಬದಲು ಸುಕ್ರಲೋಸ್ ಹಾಕಬಹುದೇ?

ಸಾಗರದಲ್ಲಿ ಮುರುಗಲು (ಕೋಕಂ) ಸಿರಪ್ ಮಾಡಿ ಮಾರುವ ನೀವು, ಶುಗರ್ ಇರುವವರಿಗೂ ಒಂದು ಬಾಟಲಿ ತರಬಹುದೇ ಎಂದು ಕೇಳಿದ್ದೀರಿ. ಸಿಹಿಯ ಮಟ್ಟಿಗೆ ಧಾರಾಳವಾಗಿ ಆಗುತ್ತದೆ. ಸುಕ್ರಲೋಸ್ ಸಕ್ಕರೆಗಿಂತ ಸುಮಾರು 600 ಪಟ್ಟು ಸಿಹಿ. ಒಂದು ಕಿಲೋ ಸಕ್ಕರೆಯ ಜಾಗಕ್ಕೆ 2 ಗ್ರಾಂ ಕೂಡ ಬೇಡ. ಸಕ್ಕರೆ ಅಣುವಿಗೆ ಮೂರು ಕ್ಲೋರಿನ್ ಪರಮಾಣು ಕೂರಿಸಿ ಮಾಡುವ ಇದನ್ನು ದೇಹ ಶಕ್ತಿಗಾಗಿ ಒಡೆಯಲಾರದು, ಹಾಗಾಗಿ ಕ್ಯಾಲೊರಿ ಇಲ್ಲ. ಮುರುಗಲಿನ ಹುಳಿಗೂ ಜಗ್ಗುವುದಿಲ್ಲ.

ತೊಡಕಿರುವುದು ಬೇರೆ ಕಡೆ. ನಿಮ್ಮ ಸಿರಪ್ ಕೆಡದೆ ನಿಲ್ಲುವುದೇ ಸಕ್ಕರೆಯಿಂದ: ಅಷ್ಟು ಗಟ್ಟಿ ಪಾಕದಲ್ಲಿ ಬೂಷ್ಟು, ಯೀಸ್ಟ್ ಬೆಳೆಯಲು ಬೇಕಾದ ನೀರು ಸಿಗದು. ಸಕ್ಕರೆ ತೆಗೆದರೆ, ಮುಚ್ಚಳ ತೆರೆದ ಬಾಟಲಿ ನಮ್ಮ ಮಳೆಗಾಲದಲ್ಲಿ ಹೊರಗಿಟ್ಟು ವಾರ ತಡೆದರೆ ಪುಣ್ಯ. ಪಾಶ್ಚರೀಕರಣ, ಅನುಮತಿಯಿರುವ ಸಂರಕ್ಷಕ, ಮಂದಕ್ಕೆ ಪೆಕ್ಟಿನ್ ಎಲ್ಲವೂ ಬೇಕಾದೀತು. ಗಾತ್ರವೂ ಕುಗ್ಗುತ್ತದೆ, ಖರ್ಚಿನ ಲೆಕ್ಕ ಹಾಕುವಾಗ ಇದನ್ನು ಹೆಚ್ಚಿನವರು ಮರೆಯುತ್ತಾರೆ.

ಅಂಗಡಿಯ ಸಣ್ಣ ಪೊಟ್ಟಣದ ಪುಡಿ ಬೇಡ, ಅದರಲ್ಲಿ ಬಹುಪಾಲು ಮಾಲ್ಟೊಡೆಕ್ಸ್‌ಟ್ರಿನ್ ಎಂಬ, ಪಿಷ್ಟದಿಂದ ಮಾಡಿದ, ರಕ್ತದ ಸಕ್ಕರೆ ಏರಿಸುವ ಪುಡಿಯೇ ಇರುತ್ತದೆ. ಶುದ್ಧ ಸುಕ್ರಲೋಸ್ ತಂದು, ಮಿಲಿಗ್ರಾಂ ತೋರಿಸುವ ತಕ್ಕಡಿಯಲ್ಲಿ ತೂಗಿ, ನೀರಲ್ಲಿ ಕರಗಿಸಿಯೇ ಬೆರೆಸಿ. ಎಫ್‌ಎಸ್‌ಎಸ್‌ಎಐ (ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ) ಮಿತಿ ನೋಡಿಕೊಂಡು, ಲೇಬಲ್ ಮೇಲೆ ಸುಕ್ರಲೋಸ್ ಹೆಸರು ಹಾಕಲೇಬೇಕು.