ಬಂಪರಿನ ಹಳೆ ಬಣ್ಣ: ಕೆರೆಯುವುದೆಷ್ಟು, ಬಿಡುವುದೆಷ್ಟು?

ಪ್ರಶ್ನೆ: ಕಾರಿನ ಬಂಪರಿಗೆ ಈಗಾಗಲೇ ಎರಡು ಸಲ ಮರುಬಣ್ಣ ಹೊಡೆಸಿದ್ದೇವೆ. ಮೂಲೆಗಳಲ್ಲಿ ಬಿರುಕು ಬಿಟ್ಟು ಚಕ್ಕೆ ಏಳುತ್ತಿದೆ. ಗೇಟಿಗೆ ಹಚ್ಚಲು ತಂದ ಪೇಂಟ್ ರಿಮೂವರ್ ಮನೆಯಲ್ಲಿದೆ, ಅದನ್ನೇ ಬಳಸಬಹುದೇ?
– ಓದುಗರು, ಉಪ್ಪಳ

ಉತ್ತರ: ಖಂಡಿತ ಬೇಡ. ಕಬ್ಬಿಣದ ಮೇಲೆ ಅದು ಬಣ್ಣವನ್ನಷ್ಟೇ ಎಬ್ಬಿಸುತ್ತದೆ. ಮೆತು ಪ್ಲಾಸ್ಟಿಕ್ ಹಾಗಲ್ಲ, ದ್ರಾವಕವನ್ನು ಹೀರಿ ಉಬ್ಬುತ್ತದೆ. ಹೀರಿದ್ದು ನಿಧಾನವಾಗಿ ಹೊರಬರುವಾಗ ಹೊಸ ಬಣ್ಣದಡಿ ಗುಳ್ಳೆ ಏಳುತ್ತದೆ. ಗ್ರಿಲ್‌ನಂಥ ಎಬಿಎಸ್ (ಒಂದು ಬಗೆಯ ಗಟ್ಟಿ ಪ್ಲಾಸ್ಟಿಕ್) ಭಾಗವಾದರೆ ಬರೀ ಥಿನ್ನರಿಗೇ ಮೈ ಅಂಟಂಟಾಗುತ್ತದೆ. ಹೀಟ್ ಗನ್ನೂ ಬೇಡ, ಬಂಪರ್ ಸೊಟ್ಟಗಾದರೆ ಫೆಂಡರಿನ ಸಂದಿಗೆ ಮತ್ತೆ ಕೂರುವುದಿಲ್ಲ.

ಬಂಪರ್ ಬಿಚ್ಚಿ ಒಳಬದಿ ನೋಡಿ. ‘ಪಿಪಿ+ಇಪಿಡಿಎಂ-ಟಿಡಿ20’ ಎಂಬಂಥ ಅಚ್ಚು ಇದ್ದರೆ ಅದು ರಬ್ಬರಿನ ಜೊತೆ 20% ಟಾಲ್ಕ್ (ಒಂದು ಖನಿಜದ ಪುಡಿ) ಬೆರೆಸಿದ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್. ತುಂಡು ನೀರಲ್ಲಿ ತೇಲಿದರೆ ಪಾಲಿಪ್ರೊಪಿಲೀನ್ ಎಂಬ ಪರೀಕ್ಷೆಯನ್ನು ನಂಬಬೇಡಿ, ಟಾಲ್ಕ್ ಇರುವುದು ಮುಳುಗಲೂಬಹುದು. ಬಣ್ಣ ಸುಲಭದಲ್ಲಿ ಹಿಡಿಯದ ಪ್ಲಾಸ್ಟಿಕ್ ಇದು. ಆದ್ದರಿಂದಲೇ ಪೂರ್ತಿ ಬೋಳಿಸಲು ಹೋಗಬಾರದು. ಗಟ್ಟಿ ಕೂತಿರುವ ಕಂಪನಿ ಪ್ರೈಮರಿಗಿಂತ ಒಳ್ಳೆಯ ತಳ ನಮ್ಮ ಕೈಯಲ್ಲಿ ಆಗದು.

ಮೊದಲು ಸೋಪುನೀರು, ಆಮೇಲೆ ಮೇಣ, ಜಿಡ್ಡು ತೆಗೆಯುವ ವ್ಯಾಕ್ಸ್ ರಿಮೂವರ್. ತಿಕ್ಕಿದ ಮೇಲೆ ತೊಳೆದರೆ ಪಾಲಿಶ್‌ನ ಸಿಲಿಕೋನ್ ಅಷ್ಟರಲ್ಲೇ ಗೀರುಗಳೊಳಗೆ ಸೇರಿರುತ್ತದೆ. ಎದ್ದ ಚಕ್ಕೆಗಳನ್ನು ಬ್ಲೇಡ್ ಮಲಗಿಸಿ ಹಿಡಿದು ತೆಗೆಯಿರಿ. ಉಳಿದ ಬಣ್ಣದ ಮೇಲೆ ಬ್ಲೇಡಿನಿಂದ ಅಡ್ಡಡ್ಡ ಗೀರು ಹಾಕಿ, ಟೇಪ್ ಒತ್ತಿ ಅಂಟಿಸಿ, ರಪ್ಪನೆ ಕೀಳಿ. ಟೇಪಿನ ಜೊತೆ ಬಂದ ಕಡೆ ಕೆರೆಯಿರಿ, ಬಾರದಿದ್ದಲ್ಲಿ ಹಾಗೆಯೇ ಬಿಡಿ.

ದಪ್ಪ ಪದರಕ್ಕೆ 180 ನಂಬರಿನ ವಾಟರ್ ಪೇಪರ್, ಪ್ರೈಮರ್ ಕಂಡ ಕೂಡಲೇ 320, ಕೊನೆಗೆ 400. ಅಂಚಿನ ಮೇಲೆ ಬೆರಳಾಡಿಸಿದರೆ ಮೆಟ್ಟಿಲು ತಾಗಬಾರದು. ಮೆಷಿನ್ ಜೋರಾಗಿ ಓಡಿಸಿದರೆ ಪ್ಲಾಸ್ಟಿಕ್ ಕಾದು ಕೂದಲಿನಂಥ ಎಳೆ ಏಳುತ್ತದೆ, ಅದರ ಮೇಲೆ ಹೊಡೆದ ಬಣ್ಣ ದೊರಗಾಗಿಯೇ ಕಾಣುತ್ತದೆ. ನೀರು ಹಾಕಿ ಕೈಯಲ್ಲೇ ತಿಕ್ಕಿ.

ಬೋಳಾದ ಜಾಗಕ್ಕೆ ತೆಳುವಾಗಿ ಪ್ಲಾಸ್ಟಿಕ್ ಪ್ರೈಮರ್ ಕೊಟ್ಟು, ಡಬ್ಬಿಯಲ್ಲಿ ಹೇಳಿದ ಹೊತ್ತಿನೊಳಗೆ ಮುಂದಿನ ಕೋಟ್ ಹೊಡೆಯಿರಿ. ಲೋಹದ ಪುಟ್ಟಿ ಬೇಡ. ಬಂಪರ್ ಬಾಗುತ್ತದೆ, ಅದು ಬಾಗುವುದಿಲ್ಲ. ನಿಮ್ಮ ಮೂಲೆಗಳ ಬಿರುಕಿಗೂ ದಪ್ಪ ಪದರವೋ ಇಂಥ ಪುಟ್ಟಿಯೋ ಕಾರಣವಿರಬೇಕು. ಆಟಿಯ ಮಳೆಯಲ್ಲಂತೂ ಈ ಕೆಲಸಕ್ಕೆ ಕೈಹಾಕಬೇಡಿ: ಸ್ಕ್ರೂ ತೂತು, ಮಡಿಕೆಗಳಲ್ಲಿ ನಿಂತ ನೀರು ಆರುವುದಿಲ್ಲ, ತೇವದ ಗಾಳಿಗೆ ಬಣ್ಣ ಬಿಳಿಚಿಕೊಳ್ಳುತ್ತದೆ.

ಪ್ರಶ್ನೆ: ಬಾಗಿಲಿನ ಕಪ್ಪು ದೊರಗು ಪಟ್ಟಿಯ ಮೇಲೆ ಬಿಳಿ ಸ್ಪ್ರೇ ಹಾರಿ ಕೂತಿದೆ. ತಿಕ್ಕಬಹುದೇ?
– ಓದುಗರು, ಬದಿಯಡ್ಕ

ಉತ್ತರ: ಪೇಪರ್ ಮುಟ್ಟಿಸಬೇಡಿ, ದೊರಗು ಹೋದರೆ ಮರಳಿ ಬಾರದು. ವ್ಯಾಕ್ಸ್ ರಿಮೂವರಿನಲ್ಲಿ ಅದ್ದಿದ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ, ಆಗಾಗ ಬಟ್ಟೆಯಲ್ಲಿ ಒರೆಸಿ. ಹಾರ್ಡ್‌ನರ್ ಬೆರೆಸಿದ ಬಣ್ಣ ಪೂರ್ತಿ ಗಟ್ಟಿಯಾಗಿದ್ದರೆ ಇದಕ್ಕೆ ಜಗ್ಗದು. ಆಗ ಪಟ್ಟಿ ಬಿಚ್ಚಿ ದೊರಗು ಕಪ್ಪು ಬಂಪರ್ ಪೇಂಟ್ ಹೊಡೆಯುವುದೇ ಕಡಿಮೆ ಖರ್ಚಿನ ದಾರಿ.