ಅಮೆರಿಕದ ಯುದ್ಧವಿಮಾನಗಳು ಅವತ್ತು ಎಲ್ಲಿದ್ದವು?

ಪ್ರಶ್ನೆ: ಸರ್, ಅಡಿಕೆ ಮಂಡಿ ಎದುರಿನ ಹೋಟೆಲಲ್ಲಿ ಗೆಳೆಯನ ಜೊತೆ ಜೋರು ವಾದ ಆಯ್ತು. 2001ರ ಸೆಪ್ಟೆಂಬರ್ 11ರಂದು ನಾಲ್ಕು ವಿಮಾನ ಅಪಹರಣ ಆದರೂ ಅಮೆರಿಕದ ವಾಯುಪಡೆಗೆ ಒಂದನ್ನೂ ತಡೆಯೋಕೆ ಆಗಲಿಲ್ಲ. ಬೇಕಂತಲೇ ಸುಮ್ನಿದ್ರು ಅಂತಾನೆ ಅವನು. ನೀವೇನಂತೀರಿ?
- ಓದುಗರು, ತೀರ್ಥಹಳ್ಳಿ

ಉತ್ತರ: ನಿಮ್ಮ ಗೆಳೆಯರ ಅನುಮಾನ ಪೂರ್ತಿ ಸುಳ್ಳಲ್ಲ ಮಾರಾಯ್ರೆ, ಆದರೆ ಅದು ತಪ್ಪು ಜಾಗದಲ್ಲಿ ಕೂತಿದೆ.

ಮೊದಲು ಗಡಿಯಾರ ನೋಡಿ. ಬಾಸ್ಟನ್‌ನಿಂದ ಹೊರಟ ಮೊದಲ ವಿಮಾನ 8.14ರ ಹೊತ್ತಿಗೆ ಅಪಹರಣಕಾರರ ಕೈಗೆ ಹೋಯ್ತು. ಸೇನೆಗೆ ಫೋನ್ ಬಂದಿದ್ದು 8.38ಕ್ಕೆ. ಅವತ್ತೇ ಸೇನೆಯ ಕವಾಯತು ಬೇರೆ ಇತ್ತು, ಹಾಗಾಗಿ ಇದು ನಿಜವೋ ಅಭ್ಯಾಸವೋ ಅಂತಲೇ ಮೊದಲು ಕೇಳಿದರು! 8.46ಕ್ಕೆ ವಿಮಾನ ನ್ಯೂಯಾರ್ಕ್‌ನ ವರ್ಲ್ಡ್ ಟ್ರೇಡ್ ಸೆಂಟರ್‌ನ ಒಂದು ಗೋಪುರಕ್ಕೆ ಬಡಿಯಿತು. ಎರಡು ಎಫ್-15 ಯುದ್ಧವಿಮಾನ ಮೇಲೇರಿದ್ದು 8.53ಕ್ಕೆ. ಎಲ್ಲಿಗೆ ಹೋಗಬೇಕು ಅಂತ ಹೇಳುವವರೇ ಇಲ್ಲದೆ ಅವು ಸಮುದ್ರದ ಮೇಲೆ ಕಾಯುತ್ತಿದ್ದವು, 9.03ಕ್ಕೆ ಎರಡನೇ ಗೋಪುರಕ್ಕೂ ಇನ್ನೊಂದು ವಿಮಾನ ಬಡಿದಾಗಿತ್ತು.

ಇನ್ನೊಂದು ವಿಷಯ. ಅಷ್ಟು ದೊಡ್ಡ ದೇಶದ ನೆಲ ಕಾಯೋಕೆ ಸನ್ನದ್ಧವಾಗಿದ್ದಿದ್ದು ಏಳು ನೆಲೆಗಳಲ್ಲಿ ಎರಡೆರಡರಂತೆ ಬರೀ 14 ಯುದ್ಧವಿಮಾನ. ಶತ್ರು ಹೊರಗಿನಿಂದ ಬರ್ತಾನೆ ಅಂತಲೇ ಎಲ್ಲರ ಲೆಕ್ಕ. ಬೇಲಿ ಕಡೆ ಮುಖ ಮಾಡಿ ಕೂತ ಕಾವಲುಗಾರನಿಗೆ ಮನೆಯೊಳಗೇ ಕಳ್ಳ ಇದ್ದರೆ ಹೇಗೆ ಗೊತ್ತಾಗಬೇಕು? ಆಮೇಲೆ ಮೊದಲ ವಿಮಾನ ಇನ್ನೂ ಹಾರುತ್ತಿದೆ, ವಾಷಿಂಗ್ಟನ್ ಕಡೆ ಬರ್ತಿದೆ ಅಂತ ಒಂದು ಸುಳ್ಳು ಸುದ್ದಿ ಬಂತು. ಅದನ್ನು ನಂಬಿ ಕಳಿಸಿದ ಎಫ್-16ಗಳು ಹೋಗಿದ್ದು ಪೂರ್ವಕ್ಕೆ, ಕಡಲಿನತ್ತ. 9.37ಕ್ಕೆ ವಾಷಿಂಗ್ಟನ್ ಪಕ್ಕದ ಪೆಂಟಗನ್‌ಗೆ, ಅಂದ್ರೆ ಅಮೆರಿಕದ ರಕ್ಷಣಾ ಕಚೇರಿಗೆ, ವಿಮಾನ ಬಡಿದಾಗ ಅವು ಸುಮಾರು 240 ಕಿ.ಮೀ. ದೂರದಲ್ಲಿದ್ದವು.

ಇಷ್ಟಾದರೂ ಜನ ಯಾಕೆ ನಂಬಲ್ಲ ಅಂದ್ರೆ, ಸೇನೆ ಆಮೇಲೆ ಹೇಳಿದ ಕತೆ ಹಾಗಿತ್ತು. ನಾಲ್ಕನೇ ವಿಮಾನದ ಅಪಹರಣದ ಸುದ್ದಿ ತಮಗೆ 9.16ಕ್ಕೇ ಸಿಕ್ಕಿತ್ತು ಅಂತ 2003ರಲ್ಲಿ ತನಿಖಾ ಆಯೋಗದ ಮುಂದೆ ಹೇಳಿದರು. ಆದರೆ ಆ ವಿಮಾನ ಅಪಹರಣ ಆಗಿದ್ದೇ 9.28ಕ್ಕೆ! ನಿಜವಾಗಿ ಸುದ್ದಿ ತಲುಪಿದ್ದು 10.07ಕ್ಕೆ, ಅಷ್ಟರಲ್ಲಿ ಅದು ಪೆನ್ಸಿಲ್ವೇನಿಯಾದ ಬಯಲಲ್ಲಿ ಬಿದ್ದು ನಾಲ್ಕು ನಿಮಿಷ ಆಗಿತ್ತು. ಆಯೋಗ ಅವತ್ತಿನ ಧ್ವನಿಮುದ್ರಿಕೆಗಳನ್ನೇ ತರಿಸಿ ಕೇಳಿದ ಮೇಲೆ ಇದೆಲ್ಲ ಹೊರಬಿತ್ತು. ನನ್ನ ಪ್ರಕಾರ ಗಟ್ಟಿಯಾಗಿ ಪ್ರಶ್ನೆ ಕೇಳಬೇಕಾದ್ದು ಇಲ್ಲೇ. ಸುದ್ದಿ ತಡವಾಗಿ ಬಂತು ಅನ್ನೋದು ಸೇನೆಯ ಪರವಾಗಿಯೇ ಇತ್ತಲ್ವಾ, ಅದನ್ನು ನೇರವಾಗಿ ಹೇಳೋದು ಬಿಟ್ಟು ನಾವು ಸಿದ್ಧವಾಗಿದ್ವಿ ಅಂತ ತೋರಿಸಿಕೊಳ್ಳೋಕೆ ಹೋದರು. ಪಿತೂರಿ ಕತೆಗಳಿಗೆ ಅದೇ ಗೊಬ್ಬರ ಆಯ್ತು.

ಪ್ರಶ್ನೆ: ನಮ್ಮ ಶಿವಮೊಗ್ಗದ ಸೋಗಾನೆ ವಿಮಾನ ನಿಲ್ದಾಣದಿಂದ ಹಾರಿದ ವಿಮಾನವನ್ನು ಯಾರಾದ್ರೂ ಅಪಹರಿಸಿದರೆ ಹೊಡೆದು ಉರುಳಿಸಬಹುದಾ?
- ಓದುಗರು, ಸಾಗರ

ಉತ್ತರ: ಅದನ್ನೇ ಆಯುಧವಾಗಿ ಮಾಡಿಕೊಂಡು ಮುಖ್ಯ ಜಾಗದ ಮೇಲೆ ನುಗ್ಗಿದರೆ ಮಾತ್ರ. ನಮ್ಮ ದೇಶದ 2005ರ ಅಪಹರಣ ತಡೆ ನೀತಿ ಅದಕ್ಕೆ ಅವಕಾಶ ಕೊಡುತ್ತೆ. ಆದರೆ ನೀತಿ ಇದ್ದರೆ ಸಾಲದು, ಹೊತ್ತಿಗೆ ಸರಿಯಾಗಿ ಯಾರಾದರೂ ತೀರ್ಮಾನ ಮಾಡಬೇಕು. 1999ರ ಡಿಸೆಂಬರಿನಲ್ಲಿ ಕಠ್ಮಂಡುವಿನಿಂದ ಹೊರಟು ಅಪಹರಣವಾದ ಇಂಡಿಯನ್ ಏರ್‌ಲೈನ್ಸ್ ವಿಮಾನ ಐಸಿ-814 ಅಮೃತಸರದಲ್ಲಿ ಹೆಚ್ಚೂಕಡಿಮೆ ಮುಕ್ಕಾಲು ಗಂಟೆ ನಮ್ಮ ನೆಲದ ಮೇಲೇ ನಿಂತಿತ್ತು, ಆಮೇಲೆ ಹಾರಿಹೋಯ್ತು.